ಹಳಿಯ ಆಚೆ ನಗುವ ಗಂಡ

ಇವತ್ತು ಸಂಜೆ ಅಂಗಡಿ ಮುಚ್ಚಿ ಮನೆಗೆ ಬಂದು, ಕೈಕಾಲು ತೊಳೆದು, ನಮ್ಮವರ ಊಟದ ಡಬ್ಬಿ ತೊಳೆಯಲೆಂದು ಮುಚ್ಚಳ ತೆಗೆದೆ. ಗುರೆಳ್ಳು ಹಿಂಡಿಯ, ಅಂದರೆ ಚಟ್ನಿಪುಡಿಯ, ವಾಸನೆ ಗಮ್ಮೆಂದು ಮುಖಕ್ಕೆ ಬಂತು. ಬೆಳಿಗ್ಗೆ ನಾನು ಕಟ್ಟಿ ಕಳಿಸಿದ್ದು ಜೋಳದ ರೊಟ್ಟಿ, ಹೆಸರುಕಾಳು ಪಲ್ಯ. ಈ ಹಿಂಡಿ ನನ್ನ ಅಡುಗೆಮನೆಯದಲ್ಲ. ನಮ್ಮ ಹಿಂಡಿಗೆ ನಾನು ಬೆಳ್ಳುಳ್ಳಿ ಜಾಸ್ತಿ ಹಾಕುತ್ತೇನೆ. ಇದರಲ್ಲಿ ಹುಣಸೆಹಣ್ಣು ಮುಂದಿತ್ತು, ಹಿಂದೆ ಎಲ್ಲೋ ಒಂದು ಚೂರು ಬೆಲ್ಲವೂ ಇತ್ತು. ಬೆರಳ ತುದಿಯಲ್ಲಿ ತೆಗೆದು ನಾಲಿಗೆಗೆ ಹಚ್ಚಿಕೊಂಡೆ. ಚೆನ್ನಾಗಿತ್ತು. ಅದೇ ನೋಡಿ ನನ್ನ ತಕರಾರು. ಕೆಟ್ಟದಾಗಿದ್ದರೆ ಇಷ್ಟು ವರ್ಷ ನಾನು ನೆಮ್ಮದಿಯಾಗಿ ಇರುತ್ತಿದ್ದೆ.

ನನ್ನ ಹೊಟ್ಟೆಕಿಚ್ಚಿನ ಕಥೆ ಹೇಳುವ ಮೊದಲು ನಾನು ಯಾರೆಂದು ಹೇಳಬೇಕು. ರಾಣೆಬೆನ್ನೂರಿನಲ್ಲಿ ಕುಬಸದ ಖಣ, ಅಂದರೆ ರವಿಕೆ ಬಟ್ಟೆ, ಮಾರುವವಳು ನಾನು. ಮೊದಲು ಗಂಟು ಹೊತ್ತು ಓಣಿ ಓಣಿ ತಿರುಗಿದೆ. ಬಾಗಿಲಲ್ಲಿ ನಿಂತು ಮಾರಿದೆ, ಕಟ್ಟೆಯ ಮೇಲೆ ಹರವಿ ಮಾರಿದೆ, ಬಾಣಂತಿಯ ಕೋಣೆಗೆ ಹೋಗಿಯೂ ಮಾರಿದೆ. ಈಗ ಒಂದು ಅಂಗಡಿ ಇದೆ. ಇಬ್ಬರು ಗಿರಾಕಿ ಒಳಗೆ ಬಂದರೆ ಮೂರನೆಯವರು ಮೆಟ್ಟಿಲ ಮೇಲೆ ನಿಲ್ಲಬೇಕು, ಅಷ್ಟು ದೊಡ್ಡದು. ಯಾರೂ ಹಾಕಿಕೊಟ್ಟಿದ್ದಲ್ಲ, ನನ್ನ ನಾಲಿಗೆ ಹಾಕಿಕೊಟ್ಟದ್ದು. ನೀವು ಹೊಸದಾಗಿ ವ್ಯಾಪಾರಕ್ಕೆ ಇಳಿಯುವವರಾದರೆ ಒಂದು ಮಾತು ಕೇಳಿಸಿಕೊಳ್ಳಿ: ಗಿರಾಕಿ ಬೇಡ ಎಂದು ಎದ್ದು ನಿಂತಾಗ ನೀವು ಮಾತ್ರ ಏಳಬೇಡಿ. ಕೂತಲ್ಲೇ ಇನ್ನೊಂದು ಖಣದ ಮಡಿಕೆ ಬಿಚ್ಚಿ, ಆಕೆಗಲ್ಲ, ನಿಮಗೇ ತೋರಿಸಿಕೊಳ್ಳುವ ಹಾಗೆ ನೋಡುತ್ತಿರಿ. ಆಕೆ ಮತ್ತೆ ಕೂರುತ್ತಾಳೆ.

ಇಂಥ ನನ್ನನ್ನು ಜನ್ಮದಲ್ಲಿ ಒಬ್ಬರೇ ಸೋಲಿಸಿದವರು. ಅವರಿಗೆ ಚೌಕಾಸಿಯೇ ಬರುವುದಿಲ್ಲ. ಅವರೇ ನನ್ನ ಗಂಡ.

ಮದುವೆಯಾದ ಹೊಸದು. ಅವರಿಗೆ ಹಾವೇರಿಯ ಒಂದು ಕಚೇರಿಯಲ್ಲಿ ಗುಮಾಸ್ತಿಕೆ, ನನಗೆ ರಾಣೆಬೆನ್ನೂರಿನಲ್ಲಿ ಆಗತಾನೇ ಹಿಡಿದ ಅಂಗಡಿ. ಮನೆ ಎಲ್ಲಿ ಮಾಡುವುದು ಎಂಬ ಮಾತು ಬಂತು.

"ಹಾವೇರ್ಯಾಗ ಇರೂಣು. ಆಫೀಸಿಗೆ ನಡಕೊಂತ ಹೋಗಬಹುದು," ಎಂದರು.

ನನಗೆ ಬೇಕಾದದ್ದು ರಾಣೆಬೆನ್ನೂರು. ಆದರೆ ಬೇಕಾದದ್ದನ್ನು ನೇರವಾಗಿ ಕೇಳುವ ವ್ಯಾಪಾರಿ ಎಲ್ಲಾದರೂ ಇದ್ದಾನೆಯೇ? ನಾನು ಇನ್ನೂ ಮುಂದೆ ಹೋಗಿ ನಿಂತೆ. "ಹರಿಹರದಾಗ ಇರೂಣ್ರಿ," ಎಂದೆ. ನನ್ನ ಲೆಕ್ಕ ಸರಳ. ಅವರು ಆ ತುದಿ ಹಿಡಿದರು, ನಾನು ಈ ತುದಿ ಹಿಡಿದೆ. ಎಳೆದಾಡಿ ನಡುವೆ ಬಂದರೆ ಅದು ಹೆಚ್ಚುಕಡಿಮೆ ರಾಣೆಬೆನ್ನೂರೇ ಆಗುತ್ತದೆ. ಆಗ ನಾನು ದೊಡ್ಡ ಮನಸ್ಸು ಮಾಡಿದವಳ ಹಾಗೆ ಒಪ್ಪಿಕೊಳ್ಳುವುದು.

ಅವರು ನೆಲದ ಮೇಲೆ ಬೆರಳಿಂದ ಒಂದು ಗೆರೆ ಎಳೆದರು. "ಹರಿಹರದಾಗ ನಿನಗೇನ್ ಕೆಲಸ? ನಿನ್ನ ಅಂಗಡಿ ಇರೂದು ರಾಣೆಬೆನ್ನೂರಾಗ. ನನ್ನ ಆಫೀಸು ಹಾವೇರ್ಯಾಗ. ನಡುವ ಬ್ಯಾಡಗಿ ಐತಿ. ಅಲ್ಲೇ ಇದ್ದುಬಿಡೂಣು, ಇಬ್ಬರಿಗೂ ಸಮ ಆಗತೈತಿ."

ಚೌಕಾಸಿಯೇ ಬಾರದವರ ಎದುರು ಹೆಚ್ಚಿಗೆ ಕೇಳಿದರೆ ಏನಾಗುತ್ತದೆ ಎಂದು ಅವತ್ತು ಕಲಿತೆ. ಅಂಗಡಿಯೂ ಇಲ್ಲದ, ಆಫೀಸೂ ಇಲ್ಲದ, ಇಬ್ಬರ ಕಡೆಯ ನೆಂಟರೂ ಇಲ್ಲದ ಬ್ಯಾಡಗಿ ನಮ್ಮ ಊರಾಯಿತು. ಗಂಡ ಹೆಂಡತಿ ಬೇರೆ ಬೇರೆ ಊರಲ್ಲಿ ದುಡಿಯುವವರು ಮನೆ ಹುಡುಕಲು ಹೊರಟಾಗ ನನ್ನನ್ನು ಕೇಳಲು ಬರುತ್ತಾರೆ. ಎಲ್ಲರಿಗೂ ನಾನು ಹೇಳುವುದು ಇಷ್ಟೇ: ನಡುವಿನ ಊರು ಎಂದರೆ ಇಬ್ಬರಿಗೂ ಅರ್ಧರ್ಧ ಅನುಕೂಲ ಅಂತ ತಿಳಿಯಬೇಡಿ, ಇಬ್ಬರಿಗೂ ಪೂರ್ತಿ ಓಡಾಟ.

ಮನೆಯನ್ನೇನೋ ಒಳ್ಳೆಯದನ್ನೇ ಹಿಡಿದೆ. ಅದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಮೆಣಸಿನಕಾಯಿ ಸುಗ್ಗಿಯ ಕಾಲ, ಊರೆಲ್ಲ ಘಾಟು. ಮಾಲಕರು ಒಂದೊಂದು ಕೋಣೆ ತೋರಿಸಿದಾಗಲೂ ನಾನು ಸೆರಗು ಮೂಗಿಗೆ ಹಿಡಿದು ಜೋರಾಗಿ ಸೀನಿದೆ. ಅಡುಗೆಮನೆಯಲ್ಲಿ ಸೀನಿದೆ, ದೇವರ ಗೂಡಿನ ಮುಂದೆಯೂ ಸೀನಿದೆ. "ಇಷ್ಟ ಘಾಟು ಬಂದ್ರ ಹೆಂಗ್ ಬಾಳೇ ಮಾಡೂದ್ರಿ ಯಪ್ಪಾ?" ಎಂದೆ. ಮಾಲಕರು ಗಾಬರಿಯಾಗಿ, ಕಿಟಕಿ ಮುಚ್ಚುತ್ತ, ಬಾಡಿಗೆ ಇಳಿಸುತ್ತ ನಡೆದರು. ಹೊರಗೆ ಬಂದ ಮೇಲೆ ನಮ್ಮವರು ಏನೂ ಅನ್ನಲಿಲ್ಲ. ಹೊಗಳಲಿಲ್ಲ, ಬೈಯಲೂ ಇಲ್ಲ. ನಮ್ಮವರು ಮನೆಯಲ್ಲಿ ಹಾಗೆಯೇ. ಹೂಂ ಎಂದರೆ ಅದು ಭಾಷಣ. ಊಟ ಹೇಗಿದೆ ಎಂದರೆ ಹೂಂ, ಹೊಸ ಸೀರೆ ಹೇಗಿದೆ ಎಂದರೂ ಹೂಂ. ಮಾತಿಲ್ಲದ ಗಂಡಸು ಎಂದು ನಾನೂ ಸುಮ್ಮನಾಗಿದ್ದೆ. ಸಂಸಾರದಲ್ಲಿ ಮಾತಾಡಲು ಒಬ್ಬರು ಸಾಕಲ್ಲ, ನಾನಿದ್ದೇನೆ.

ಹೀಗೆ ಬೆಳಿಗ್ಗೆ ಇಬ್ಬರೂ ಕೂಡಿಯೇ ಸ್ಟೇಷನ್ನಿಗೆ ನಡೆಯುತ್ತಿದ್ದೆವು. ಅಲ್ಲಿ ಅವರು ಹಾವೇರಿ ಗಾಡಿ ಬರುವ ಕಡೆಗೆ, ನಾನು ರಾಣೆಬೆನ್ನೂರು ಗಾಡಿ ಬರುವ ಕಡೆಗೆ. ನಡುವೆ ಹಳಿ. ಒಂದು ದಿನ ನನ್ನ ಗಾಡಿ ತಡವಾಯಿತು. ಗಂಟಿನ ಮೇಲೆ ಕೂತು ಸುಮ್ಮನೆ ಆಚೆ ನೋಡಿದೆ. ಹಳಿಯ ಆಚೆ ಒಬ್ಬ ಗಂಡಸು ಕೈ ಬೀಸಿ, ಸೊಂಟಕ್ಕೆ ಕೈ ಇಟ್ಟು, ಕತ್ತು ಕೊಂಕಿಸಿ ಏನೋ ಹೇಳುತ್ತಿದ್ದಾನೆ. ಸುತ್ತ ನಿಂತವರು ಹೊಟ್ಟೆ ಹಿಡಿದು ನಗುತ್ತಿದ್ದಾರೆ. ಒಬ್ಬ ಹೆಣ್ಣುಮಗಳು ನಗು ತಡೆಯಲಾರದೆ ಕಂಬ ಹಿಡಿದುಕೊಂಡಿದ್ದಾಳೆ. ಯಾರಪ್ಪಾ ಇವನು ಇಷ್ಟು ಮಾತುಗಾರ ಎಂದು ನೋಡಿದರೆ ಅಂಗಿ ನಾನೇ ಇಸ್ತ್ರಿ ಮಾಡಿದ್ದು.

ಓದುವವರೇ, ನೀವು ನಿಮ್ಮ ಮನುಷ್ಯನನ್ನು ದೂರದಿಂದ ನೋಡಿದ್ದೀರಾ? ನೋಡಬೇಡಿ. ನಮ್ಮವರ ಹಲ್ಲು ಅಷ್ಟು ಚಂದ ಇವೆಯೆಂದು ನನಗೆ ಗೊತ್ತಿರಲಿಲ್ಲ. ಅವರ ಗಾಡಿ ಬಂತು, ಆ ಮಂದಿಯನ್ನೆಲ್ಲ ಹತ್ತಿಸಿಕೊಂಡು ಹೋಯಿತು. ಖಾಲಿ ಹಳಿಯ ಈಚೆ ನಾನು, ನನ್ನ ಖಣದ ಗಂಟು.

ಅವತ್ತು ಸಂಜೆ ಕೇಳಿದೆ. "ಬೆಳಿಗ್ಗೆ ಏನ್ ನಡದಿತ್ತರಿ ಅಷ್ಟು ನಗಾಟ?"

"ಏನಿಲ್ಲ, ಹಿಂಗ. ಪಾಸಿನ ಮಂದಿ."

ಪಾಸಿನ ಮಂದಿ ಎಂದರೆ ತಿಂಗಳ ಪಾಸು ತೆಗೆಸಿ ದಿನಾ ಒಂದೇ ಬೋಗಿಯಲ್ಲಿ ಹೋಗಿ ಬರುವವರು. ಅದರಲ್ಲಿ ಕಂಬ ಹಿಡಿದು ನಕ್ಕವರು ಶಾಂತಕ್ಕೋರು, ಹಾವೇರಿಯ ಒಂದು ಶಾಲೆಯ ಟೀಚರು. ಇನ್ನೊಬ್ಬ ಬಸಣ್ಣ, ಟಪಾಲಿನವನು. ಇದಿಷ್ಟನ್ನು ಅವರ ಬಾಯಿಂದ ಹೊರಗೆ ತರಲು ನನಗೆ ಒಂದು ವಾರ ಹಿಡಿಯಿತು.

ನನ್ನ ಕಡೆಯ ಗಾಡಿಯಲ್ಲಿ ಇಂಥ ಬಳಗ ಯಾಕಿಲ್ಲ ಎಂದು ನೀವು ಕೇಳಬಹುದು. ನಾನೂ ಪ್ರಯತ್ನ ಮಾಡಿದೆ. ಆದರೆ ನನ್ನ ಪಕ್ಕ ಕೂತ ಹೆಣ್ಣುಮಗಳು ನಡುವಿನ ದೇವರಗುಡ್ಡ ಸ್ಟೇಷನ್ ಬರುವಷ್ಟರಲ್ಲಿ ಗೆಳತಿ ಆಗುವ ಬದಲು ಗಿರಾಕಿ ಆಗಿಬಿಡುತ್ತಾಳೆ. ಮರುದಿನ ನನ್ನನ್ನು ಕಂಡು ಇನ್ನೊಂದು ಬೋಗಿ ಹತ್ತುತ್ತಾಳೆ. ವ್ಯಾಪಾರ ಬೆಳೆಯಿತು, ಬಳಗ ಬೆಳೆಯಲಿಲ್ಲ.

ಡಬ್ಬಿಯ ಸಮಾಚಾರ ಶುರುವಾದದ್ದು ಆಮೇಲೆ. ಒಂದು ಸಂಜೆ ಅವರ ಡಬ್ಬಿ ತೆರೆದರೆ ಒಳಗೆ ಯಾರದೋ ಮನೆಯ ಕರಚಿಕಾಯಿ. "ಶಾಂತಕ್ಕೋರು ಕೊಟ್ರು. ನಿನ್ನ ಎಣಗಾಯಿ ಪಲ್ಯ ತಿಂದಿದ್ರು, ಡಬ್ಬಿ ಖಾಲಿ ಹೆಂಗ್ ಕೊಡೂದು ಅಂತ ಹಾಕಿದ್ರು," ಎಂದರು. ಬೇರೆಯವರ ಪಾತ್ರೆ ಖಾಲಿ ಮರಳಿಸಬಾರದು ಎಂಬುದು ನಮ್ಮ ಕಡೆ ಮೊದಲಿನಿಂದ ಬಂದ ಪದ್ಧತಿ. ಅದರಲ್ಲಿ ತಪ್ಪಿಲ್ಲ. ಆದರೆ ಬಂದದ್ದು ಹೋದದ್ದಕ್ಕಿಂತ ರುಚಿಯಾಗಿದ್ದರೆ ನಾನು ಸುಮ್ಮನಿರುವವಳಲ್ಲ. ಮರುದಿನ ಮಾದಲಿ ಮಾಡಿ ಕಳಿಸಿದೆ. ಅತ್ತ ಕಡೆಯಿಂದ ಶೇಂಗಾ ಹೋಳಿಗೆ ಬಂತು. ಹಬ್ಬವಲ್ಲ ಹುಣ್ಣಿಮೆಯಲ್ಲ, ನಾನು ಕಡುಬು ಕಳಿಸಿದೆ. ಗುರೆಳ್ಳು ಹಿಂಡಿ ಬಂತು. ಮುಖವನ್ನೇ ಹತ್ತಿರದಿಂದ ನೋಡದ ಇಬ್ಬರು ಹೆಂಗಸರು ಒಬ್ಬ ಗುಮಾಸ್ತನ ಕೈಯಲ್ಲಿ ಡಬ್ಬಿ ಕೊಟ್ಟು ಕಾಳಗ ಮಾಡಿದೆವು. ನಡುವೆ ನಮ್ಮವರು ಎರಡೂ ಕಡೆಯದನ್ನು ತಿಂದು ದುಂಡಗಾದರು. ಶಾಂತಕ್ಕೋರಿಗೆ ಅದು ಕಾಳಗವೆಂದೇ ಗೊತ್ತಿರಲಿಲ್ಲ ಎಂಬುದು ಬೇರೆ ಮಾತು. "ನಿಮ್ಮನಿಯವರ ಕೈ ಭಾಳ ದೊಡ್ಡದು ಅಂತಾರ ನೋಡು," ಎಂದು ನಮ್ಮವರು ವರದಿ ತಂದಾಗ ನನಗೆ ಇನ್ನೂ ಉರಿಯಿತು. ಗೆದ್ದೆನೋ ಸೋತೆನೋ ತಿಳಿಯದ ವ್ಯವಹಾರ ನನಗೆ ಹಿಡಿಸುವುದಿಲ್ಲ.

ನಮ್ಮವರ ನಡತೆಯ ಮೇಲೆ ನನಗೆ ಸಂಶಯವಿರಲಿಲ್ಲ, ತಪ್ಪು ತಿಳಿಯಬೇಡಿ. ಹೊಟ್ಟೆಕಿಚ್ಚು ಬೇರೆ, ಸಂಶಯ ಬೇರೆ. ನನ್ನ ಹೊಟ್ಟೆಕಿಚ್ಚು ಆ ಬೋಗಿಯ ಮೇಲೆ. ಇಡೀ ಮಾತನ್ನು ಅಲ್ಲಿ ಸುರಿದು, ಮನೆಗೆ ಬರುವಾಗ ಒಂದು ಹೂಂ ಮಾತ್ರ ಉಳಿಸಿಕೊಂಡು ಬರುತ್ತಾರಲ್ಲ, ಅದರ ಮೇಲೆ. ಖರೇ ಹೇಳಬೇಕೆಂದರೆ ಅವರು ಬಾಳುವೆ ಮಾಡುತ್ತಿದ್ದದ್ದು ಗಾಡಿಯಲ್ಲಿ, ನಮ್ಮ ಮನೆಗೆ ಬರುತ್ತಿದ್ದದ್ದು ಮಲಗಲು.

ಆಗ ಒಂದು ಉಪಾಯ ಹೂಡಿದೆ. ಇದನ್ನು ನಾನು ಅಂಗಡಿಯಲ್ಲೂ ಮಾಡುತ್ತೇನೆ, ಕೊಡುವ ಹಾಗೆ ಮಾಡಿ ತೆಗೆದುಕೊಳ್ಳುವುದು. ಒಂದು ಬೆಳಿಗ್ಗೆ ರೊಟ್ಟಿ ಬಡಿಸುತ್ತ, "ನೀವು ಮೊದಲ ಹೇಳಿದ್ದ ಖರೇ ನೋಡ್ರಿ. ಹಾವೇರ್ಯಾಗ ಮನಿ ಮಾಡೂಣು. ನೀವು ಆಫೀಸಿಗೆ ನಡಕೊಂತ ಹೋಗ್ರಿ, ಓಡಾಟದ ತ್ರಾಸು ನನಗಿರಲಿ," ಎಂದೆ. ಹಾವೇರಿಗೆ ಹೋದರೆ ಗಾಡಿ ಹತ್ತುವ ಕೆಲಸ ಅವರಿಗಿಲ್ಲ. ಗಾಡಿ ಇಲ್ಲದಿದ್ದರೆ ಪಾಸಿಲ್ಲ, ಪಾಸಿನ ಮಂದಿಯೂ ಇಲ್ಲ. ದುಪ್ಪಟ್ಟು ದಾರಿ ನಾನು ಓಡಾಡಿದರೂ ಚಿಂತೆಯಿಲ್ಲ, ಆ ಬೋಗಿಯೊಂದು ತಪ್ಪಬೇಕು.

ಅವರ ಕೈ ರೊಟ್ಟಿಯ ಮೇಲೆ ನಿಂತಿತು. ಬೇಡ ಎಂದಿದ್ದರೆ ಜಗಳ ತೆಗೆಯಲು ನಾನು ತಯಾರಾಗಿ ಕೂತಿದ್ದೆ. "ಹೂಂ," ಎಂದರು. ಮತ್ತೆ ರೊಟ್ಟಿ ಮುರಿಯುತ್ತ, "ಈ ತಿಂಗಳದ ಪಾಸು ಮುಗಿಯೂತನಕ ಇರೂಣಲಾ?" ಎಂದು ಕೇಳಿದರು. ಇಷ್ಟು ವರ್ಷಗಳಲ್ಲಿ ನನ್ನ ಗಂಡ ನನ್ನೊಡನೆ ಮಾಡಿದ ಚೌಕಾಸಿ ಅದೊಂದೇ. ಆಗಲಿ ಎಂದು ಉದಾರವಾಗಿ ಒಪ್ಪಿದೆ.

ಹಾವೇರಿಗೆ ಬಸ್ಸಿನಲ್ಲಿ ಹೋಗಿ ಮನೆ ನೋಡಿದ್ದು ನಾನೊಬ್ಬಳೇ. ಮನೆ ನೋಡುವುದನ್ನೂ ಹೇಳಿಬಿಡುತ್ತೇನೆ: ಮಾಲಕರನ್ನು ನೀರಿನ ಬಗ್ಗೆ ಕೇಳಬೇಡಿ, ಪಕ್ಕದ ಮನೆಯ ಅಂಗಳದಲ್ಲಿ ಎಷ್ಟು ಕೊಡ ಸಾಲಾಗಿ ನಿಂತಿವೆ ನೋಡಿ. ಅವರ ಕಚೇರಿಗೆ ಕೂಗಳತೆಯಲ್ಲಿ, ಮುಂದೆ ಬೇವಿನ ಗಿಡ ಇದ್ದ ಮನೆ ಸಿಕ್ಕಿತು. ಮನೆಯ ಮಾಲಕಿಯನ್ನು ಮಾತಿನಲ್ಲೇ ಬಗ್ಗಿಸಿ, ನನಗೆ ಬೇಕಾದ ಹಾಗೆ ಬಾಡಿಗೆ ಕುದುರಿಸಿಕೊಂಡೆ. ಮುಂಗಡ ಕೊಡುವುದಷ್ಟೇ ಬಾಕಿ. ಅಂಗಡಿಯ ವಾರದ ರಜೆಯ ದಿನ ನಮ್ಮವರ ಜೊತೆಗೇ ಹಾವೇರಿ ಗಾಡಿ ಹತ್ತಿದೆ. ಅಂದರೆ ಹಳಿ ದಾಟಿ ಆಚೆ ಕಡೆ ಹೋಗಿ ನಿಂತೆ.

ನಮ್ಮವರು ಅವತ್ತು ಬಾಯಿ ಹೊಲಿದುಕೊಂಡಿದ್ದರು. ಬೋಗಿಯಲ್ಲಿ ಕೂತ ಮೇಲೆ ಬಸಣ್ಣ ನನ್ನನ್ನು ನೋಡಿದ, ನಮ್ಮವರನ್ನು ನೋಡಿದ. "ಸರ, ಇವ್ರೇನ್ರಿ ಅವ್ರು?"

"ಹೂಂ," ಎಂದರು ನಮ್ಮವರು.

ಇಡೀ ಬೋಗಿ ನನ್ನ ಕಡೆ ತಿರುಗಿತು. ಆಚೆ ಸಾಲಿನವರು ಎದ್ದು ನಿಂತು ನೋಡಿದರು. ಶಾಂತಕ್ಕೋರು ನನ್ನ ಕೈ ಹಿಡಿದುಕೊಂಡು, "ಅಯ್ಯ ನಮ್ಮವ್ವ, ಮನಿ ಬಾಡಗಿ ಇಳಸಾಕ ಸೀನಿದಾಕಿ ನೀವ ಏನ್ರಿ!" ಎಂದರು.

ಬಸಣ್ಣ ತಡೆದುಕೊಳ್ಳಲಿಲ್ಲ. "ಅಕ್ಕಾರ, ಕದರಮಂಡಲಗಿ ಹನಮಪ್ಪನ ಗುಡಿ ಮುಂದ ಕಾಯಿ ಮಾರಾವನ ಕೂಡ ವಾದಾ ಮಾಡಿ ಮಾಡಿ, ಕಡೀಕ ಅಂವ ಬ್ಯಾಸತ್ತು, ತಾನ ಗುಡಿ ಒಳಗ ಹೋಗಿ ನಿಮ್ಮ ಹೆಸರ್ಲೆ ಕಾಯಿ ಒಡಿಸಿಕೊಂಡು ಬಂದನಂತ. ಖರೇನ್ರಿ?"

"ಹಂಗೇನಿಲ್ಲ, ಅಂವ ಕಾಯಿ ಅಷ್ಟ ಕಡಿಮಿಗೆ ಕೊಟ್ಟ," ಎಂದೆ. ನಮ್ಮವರು ಹೊರಗೆ ಓಡುವ ಹೊಲಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

"ದಿನಾ ಒಂದ ಕಥಿ ರಿ ನಿಮ್ಮದು," ಎಂದರು ಶಾಂತಕ್ಕೋರು. "ನಮ್ಮಾಕಿ ಹಿಂಗ್ ಮಾಡಿದಳು, ನಮ್ಮಾಕಿ ಹಂಗ್ ಅಂದಳು. ನೀವು ಸೊಂಟದ ಮ್ಯಾಲೆ ಕೈ ಇಟ್ಟು ನಿಲ್ಲೂದನ್ನ ಮಾಡಿ ತೋರಸ್ತಾರ. ವ್ಯವಹಾರ ಮಾಡೂವಾಗ ಅಕಿ ಹುಬ್ಬು ಮ್ಯಾಲೆ ಹೋಗತಾವು, ಆವಾಗ ಅಕಿನ್ನ ನೋಡಬೇಕ್ರಿ ಅಂತಾರ."

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಮೈಯೆಲ್ಲ ಉರಿಯಿತು. ಸೀನಿದ ದಿನ ಇವರು ನನಗೆ ಏನೂ ಅನ್ನಲಿಲ್ಲ. ಕಾಯಿಯವನ ಮುಂದೆ ದೂರ ನಿಂತು ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಹುಬ್ಬಿನ ಸುದ್ದಿಯಂತೂ ನನ್ನ ಕಿವಿಗೆ ಒಂದು ದಿನವೂ ಬಿದ್ದಿಲ್ಲ. ಅಷ್ಟೂ ಮಾತು ಪಡೆಯುತ್ತಿದ್ದವಳು ಒಬ್ಬಳಿದ್ದಳು, ದಿನಾ ಬೆಳಿಗ್ಗೆ ಅವರ ಮಾತಿನಲ್ಲೇ ಬ್ಯಾಡಗಿಯಲ್ಲಿ ಹತ್ತಿ ಹಾವೇರಿಯಲ್ಲಿ ಇಳಿಯುವ ಆ 'ನಮ್ಮಾಕಿ'. ಅವಳ ಮೇಲೆ ನನಗೆ ಆದ ಹೊಟ್ಟೆಕಿಚ್ಚು ಶಾಂತಕ್ಕೋರ ಮೇಲೆ ಎಂದೂ ಆಗಿರಲಿಲ್ಲ. ಅವಳು ನನಗಿಂತ ಚೂಟಿ, ನನಗಿಂತ ಚಂದ, ಗಂಡನ ಬಾಯಲ್ಲಿ ದಿನಾ ಇರುವವಳು. ನಾನು ಮನೆಯಲ್ಲಿ ಅವರ ಅಂಗಿ ಒಗೆಯುವವಳು.

ಹಾವೇರಿ ಹತ್ತಿರ ಬಂತು. ಶಾಂತಕ್ಕೋರು ಚೀಲ ಎತ್ತಿಕೊಳ್ಳುತ್ತ, "ಇಲ್ಲೇ ಮನಿ ಮಾಡಾಕತ್ತೀರಂತ. ಛಲೋ ಆತು ಬಿಡ್ರಿ, ಸರಗ ತ್ರಾಸು ತಪ್ಪತೈತಿ," ಎಂದರು. ನಗುತ್ತಲೇ ಅಂದರು. ಬಸಣ್ಣ ಮಾತ್ರ ನಗಲಿಲ್ಲ. "ಇನ್ನ ನಿಮ್ಮ ಸುದ್ದಿ ನಮಗ್ಯಾರು ಹೇಳತಾರ್ರಿ ಅಕ್ಕಾರ?" ಎಂದ.

ಸ್ಟೇಷನ್ನಿನಿಂದ ಬೇವಿನ ಗಿಡದ ಮನೆಯ ತನಕ ನಮ್ಮವರ ಜೊತೆ ನಡೆಯುವಾಗ ನನ್ನ ತಲೆ ವ್ಯಾಪಾರಕ್ಕೆ ಬಿತ್ತು. ಗಾಡಿ ತಪ್ಪಿಸಿದರೆ ಈ ಮಾತೆಲ್ಲ ಮನೆಗೆ ಬಂದು ನನ್ನ ಮಡಿಲಲ್ಲಿ ಬೀಳುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ. ಬೀಳುತ್ತದೆಯೇ? ನನ್ನ ಸೀನಿನ ಕಥೆಯನ್ನು ನನಗೇ ಹೇಳಿದರೆ ನಾನು ನಗುತ್ತೇನೆಯೇ? ಅಲ್ಲಲ್ಲಿ ತಿದ್ದುತ್ತೇನೆ. ಕಾಯಿಯವನು ಗುಡಿಯೊಳಗೆ ಹೋಗಲೇ ಇಲ್ಲ ಎನ್ನುತ್ತೇನೆ. ಕೆಲವರಿಗೆ ಹೆಂಡತಿಯನ್ನು ಹೊಗಳಲು ಹೆಂಡತಿ ಅಲ್ಲಿರಬಾರದು, ಬೇರೆ ನಾಲ್ಕು ಕಿವಿ ಬೇಕು. ನಾಲ್ಕು ಕಿವಿ ಕಿತ್ತುಕೊಂಡರೆ ಆ ಕಥೆ ಅವರ ಹೊಟ್ಟೆಯಲ್ಲೇ ಇಂಗಿಹೋಗುತ್ತದೆ, ನನ್ನ ಪಾಲಿಗೆ ಹೂಂ ಒಂದೇ ಉಳಿಯುತ್ತದೆ. ಜಗತ್ತಿನಲ್ಲಿ ನನ್ನ ಹುಬ್ಬು ಚಂದ ಎನ್ನುವ ಜಾಗ ಒಂದೇ ಇದೆ, ಅದನ್ನು ನಾನೇ ಮುಂಗಡ ಕೊಟ್ಟು ಮುಚ್ಚಿಸಲು ಹೊರಟಿದ್ದೇನೆ.

ಮಾಲಕಿ ಕೀಲಿ ಕೈಯಲ್ಲಿ ಹಿಡಿದೇ ನಿಂತಿದ್ದರು. "ಬರ್ರಿ ಬರ್ರಿ, ನೀವು ಹೇಳಿದಂಗ ಆತು."

"ಮನಿ ಬ್ಯಾಡ್ರಿ," ಎಂದೆ.

"ಯಾಕ್ರಿ? ಎಲ್ಲಾ ಒಪ್ಪೇನಲ್ಲ!"

"ಸ್ಟೇಷನ್ ದೂರ ಆಗತೈತ್ರಿ."

"ನಿಮ್ಮನಿಯವರ ಆಫೀಸು ಇಲ್ಲೇ ಮಗ್ಗಲಕ ಐತಿ. ಅವರಿಗೆ ಸ್ಟೇಷನ್ ಯಾತಕ್ಕ ಬೇಕ್ರಿ?"

"ಬೇಕ್ರಿ," ಎಂದೆ. ಕುದುರಿದ ವ್ಯವಹಾರವನ್ನು ನಾನಾಗಿ ಬಿಟ್ಟದ್ದು ಅದೇ ಮೊದಲು. ಆಕೆ ಬಾಡಿಗೆಯನ್ನು ಇನ್ನೂ ಇಳಿಸಲು ನಾನು ಹೂಡಿದ ಆಟವೆಂದು ತಿಳಿದು ಬೀದಿಯ ತನಕ ಬೆನ್ನು ಹತ್ತಿ ಬಂದರು. ಜೀವ ಚುರುಕ್ ಎಂದಿತು. ಇನ್ನೂ ಇಳಿಯುತ್ತಿತ್ತಲ್ಲ!

ತಿರುವಿನಲ್ಲಿ ನಮ್ಮವರು ಕೇಳಿದರು. "ಯಾಕ ಬ್ಯಾಡ ಅಂದಿ?"

"ನೀರು ಸರಿ ಇಲ್ಲ."

ಅವರು ನನ್ನ ಮುಖ ನೋಡಿದರು. ಆಮೇಲೆ ತಳ್ಳುಗಾಡಿಯ ಚಹಾದಂಗಡಿಯ ಮುಂದೆ ನಿಂತು ಎರಡು ಚಹಾ ಹೇಳಿದರು. ಕಚೇರಿಗೆ ಹೊತ್ತಾಗುತ್ತಿತ್ತು, ಅವರಿಗೆ ಅವಸರವಿದ್ದಂತೆ ಕಾಣಲಿಲ್ಲ.

ಈಗಲೂ ನಾವು ಬ್ಯಾಡಗಿಯಲ್ಲೇ ಇದ್ದೇವೆ. ಸಲಹೆ ಕೇಳಲು ಬರುವ ಜೋಡಿಗಳಿಗೆ ನಾನು ಈಗ ಒಂದು ಮಾತು ಸೇರಿಸುತ್ತೇನೆ: ಊರು ಆರಿಸುವ ಮುಂಚೆ, ನಿಮ್ಮವರು ಎಲ್ಲಿ ಮಾತಾಡುತ್ತಾರೆ ಎಂಬುದನ್ನು ಹೋಗಿ ನೋಡಿ ಬನ್ನಿ. ಅವರು ಅದನ್ನು ಕೇಳಿ ನೀರು, ಬಸ್ಸು, ಬಾಡಿಗೆ ಎಂದು ಮತ್ತೆ ಶುರು ಮಾಡುತ್ತಾರೆ. ಮಾಡಲಿ.

ವಾರದ ರಜೆಗೆ ನಾನು ಒಮ್ಮೊಮ್ಮೆ ಆ ಗಾಡಿ ಹತ್ತುತ್ತೇನೆ. ಹಾವೇರಿಯಲ್ಲಿ ಕೆಲಸವಿದೆ ಎಂದು ಸುಳ್ಳು ಹೇಳುವುದನ್ನೂ ಬಿಟ್ಟಿದ್ದೇನೆ. ಅವರ ಎದುರು ಕೂತರೆ ಬಾಯಿ ಬಿಡುವುದಿಲ್ಲವೆಂದು ಪಕ್ಕದ ಸಾಲಿನಲ್ಲಿ ಬೆನ್ನು ಹಾಕಿ ಕೂರುತ್ತೇನೆ. ನಾನಿರುವುದು ಅವರಿಗೆ ಗೊತ್ತು. ಆದರೂ ಬೆನ್ನಿಗೆ ಹೇಳುವುದು ಅವರಿಗೆ ಸಲೀಸು. ಹೋದ ರಜೆಯ ದಿನ ಬೋಗಿಗೆ ಯಾರೋ ಹೊಸಬರು ಸೇರಿದ್ದರು. ಅವರ ಸಲುವಾಗಿ ನಮ್ಮವರು ಹಾವೇರಿ ಮನೆಯ ಕಥೆ ತೆಗೆದರು. ಮಾಲಕಿ ಬೀದಿಯ ತನಕ ಓಡಿ ಬಂದದ್ದು, ಬೇವಿನ ಗಿಡ, ಎಲ್ಲವೂ ನಿಜವಾಗಿ ನಡೆದದ್ದಕ್ಕಿಂತ ಚೆನ್ನಾಗಿ ಬಂತು. ನಾನು ಸೆರಗಿನೊಳಗೆ ನಕ್ಕೆ.

"ಅಷ್ಟ ಛಲೋ ಮನಿ, ಯಾಕ ಬ್ಯಾಡ ಅಂದ್ರು ಮತ್ತ?" ಹೊಸಬರು ಕೇಳಿದರು.

ನಮ್ಮವರು ದನಿ ಇಳಿಸಿ ಏನೋ ಹೇಳಿದರು. ಅದೇ ಹೊತ್ತಿಗೆ ಗಾಡಿ ಉದ್ದಕ್ಕೆ ಕೂಗಿತು, ನನಗೆ ಒಂದಕ್ಷರವೂ ಕೇಳಲಿಲ್ಲ. ಯಾರೂ ನಗಲಿಲ್ಲ. ನಾನು ಹೊರಳಿ ನೋಡಿದೆ. ಶಾಂತಕ್ಕೋರು ನನ್ನನ್ನು ಒಂದು ಗಳಿಗೆ ನೋಡಿದರು, ತಂಗಿಯನ್ನು ನೋಡುವ ಹಾಗೆ.

ಆವತ್ತಿನಿಂದ ಮೂವರನ್ನೂ ಕೇಳಿದ್ದೇನೆ. ಬಸಣ್ಣ, "ಅದೇನ್ ಬಿಡ್ರಿ ಅಕ್ಕಾರ," ಎನ್ನುತ್ತಾನೆ. ಶಾಂತಕ್ಕೋರು ಮಾತು ತಿರುಗಿಸುತ್ತಾರೆ. ನಮ್ಮವರು ಹೂಂ ಎನ್ನುತ್ತಾರೆ. ಆ ಮನೆ ಯಾಕೆ ಬಿಟ್ಟೆನೆಂದು ನಾನು ಯಾರಿಗೂ ಹೇಳಿಲ್ಲ, ಈಗ ನಿಮಗೇ ಹೇಳುತ್ತಿರುವುದು. ಅದನ್ನು ನಮ್ಮವರು ತಾವಾಗಿಯೇ ತಿಳಿದುಕೊಂಡರೋ, ಇಲ್ಲ ಇನ್ನೂ ಚಂದದ ಬೇರೊಂದು ಕಾರಣವನ್ನು ನನಗೆ ಕಟ್ಟಿಕೊಟ್ಟರೋ? ಬೋಗಿಯಲ್ಲಿದ್ದ ಅಷ್ಟೂ ಮಂದಿಗೆ ಗೊತ್ತು. ಹೊಸಬರಿಗೂ ಗೊತ್ತು. ನನ್ನೊಬ್ಬಳಿಗೆ ಗೊತ್ತಿಲ್ಲ.